ಆ ಮ್ಯೂಸಿಕ್ಕೇ ಅವ್ರನ್ನ ಹಾಳ್ ಮಾಡಿದ್ದು ಅಂತಾರಲ್ಲ

ಹೋದ ತಿಂಗಳು ಪರಿಚಯದವರ ಮನೇಲಿ ಹುಟ್ಟುಹಬ್ಬ ಇತ್ತು. ಅಟ್ಲಾಂಟಾ ಸಿಟಿಯಿಂದ ಮುಕ್ಕಾಲು ಗಂಟೆ ದಾರಿ, ಗ್ವಿನೆಟ್ ಕೌಂಟಿ, ನಮ್ಮ ಕನ್ನಡದವರು, ತೆಲುಗಿನವರು, ಕೊರಿಯಾದವರು ಎಲ್ಲ ಇರೋ ಏರಿಯಾ. ಮೇಲೆ ಅಡುಗೆಮನೇಲಿ ಬಿಸಿಬೇಳೆಬಾತಿಗೆ ಬೂಂದಿ ಹಾಕಿ ಬಡಿಸ್ತಿದ್ರೆ ಕೆಳಗೆ ಬೇಸ್‌ಮೆಂಟಲ್ಲಿ ಹತ್ತು ಹನ್ನೆರಡು ವರ್ಷದ ಮಕ್ಕಳು ಟ್ರ್ಯಾಪ್ (ಅಟ್ಲಾಂಟಾ ಕಡೆಯ ಒಂದು ಥರದ ರ‍್ಯಾಪ್) ಹಾಡು ಹಾಕ್ಕೊಂಡು ಕುಣೀತಿದ್ವು, ಒಂದೊಂದು ಮಾತೂ ಬಾಯಿಪಾಠ, ಕೆಟ್ಟ ಮಾತು ಬಂದ ಕಡೆ ಮಾತ್ರ ಒಂದ್ಸಲ ಮೆಟ್ಟಿಲ ಕಡೆ ನೋಡಿ ಕಿಸಕ್ಕಂತ ನಗೋದು. ದೊಡ್ಡೋರು ನಿಂತು ವಿಡಿಯೋ ಮಾಡ್ಕೊಂಡ್ರು. ಅದಾಗಿ ಅರ್ಧ ಗಂಟೆಗೆ ಊಟಕ್ಕೆ ಕೂತಾಗ ಸಿಟಿ ಒಳಗಿನ ಬ್ಲ್ಯಾಕ್ ಹುಡುಗರ ಮಾತು ಬಂತು, ಯಾರೋ ಅಂದ್ರು, "ಆ ಮ್ಯೂಸಿಕ್ಕೇ ಕಣ್ರೀ ಅವ್ರನ್ನ ಹಾಳ್ ಮಾಡಿದ್ದು." ನಾಲ್ಕೈದು ಜನ ಹೌದು ಹೌದು ಅಂತ ತಲೆ ಆಡಿಸಿದ್ರು. ಕೆಳಗಿಂದ ಅದೇ ಮ್ಯೂಸಿಕ್ ಕೇಳಿಸ್ತಾನೇ ಇತ್ತು.

ನಾನು ಅವತ್ತು ಏನೂ ಹೇಳ್ಲಿಲ್ಲ. ಹಬ್ಬದ ಮನೆ, ಯಾಕೆ ಮಾತು ಬೆಳೆಸೋದು ಅಂತ ಸುಮ್ಮನಾದೆ. ಸುಮ್ಮನಾಗಿದ್ದು ತಪ್ಪಾಯ್ತು ಅಂತ ಮನೆಗೆ ಬರೋ ದಾರಿ ಪೂರ್ತಿ ಅನ್ನಿಸ್ತು, ಅದಕ್ಕೇ ಇಲ್ಲಿ ಬರೀತಿದ್ದೀನಿ.

ಮೂರು ವರ್ಷದಿಂದ ನಾನು ಶನಿವಾರ ಬೆಳಗ್ಗೆ ಸಿಟಿಯ ದಕ್ಷಿಣ ಭಾಗದ ಒಂದು ಲೈಬ್ರರಿಗೆ ಮಕ್ಕಳಿಗೆ ಲೆಕ್ಕ ಹೇಳ್ಕೊಡೋಕೆ ಹೋಗ್ತೀನಿ. ಬರೋರು ಹೆಚ್ಚುಕಮ್ಮಿ ಎಲ್ಲಾ ಬ್ಲ್ಯಾಕ್ ಮಕ್ಕಳು. ಅದ್ರಲ್ಲಿ ಹದಿನೈದು ವರ್ಷದ ಒಬ್ಬ ಹುಡುಗ ಇದಾನೆ, ಅಜ್ಜಿ ಜೊತೆ ಇರೋನು, ಮಾತಿಗೆ ಮುಂಚೆ "ಯೆಸ್ ಮ್ಯಾಮ್" "ನೋ ಮ್ಯಾಮ್" ಅನ್ನೋನು (ಜಾರ್ಜಿಯಾದ ಅಜ್ಜಿಯರು ಇದನ್ನ ಹೇಳ್ಕೊಟ್ಟೇ ಮಕ್ಕಳನ್ನ ಹೊರಗೆ ಕಳ್ಸೋದು). ಅವನ ಆಲ್ಜೀಬ್ರಾ ನೋಟ್‌ಬುಕ್ಕನ್ನ ಹಿಂದಿನಿಂದ ತೆಗೆದ್ರೆ ಪೂರ್ತಿ ರ‍್ಯಾಪ್. ಮೊದಲ ಸಲ ನೋಡಿದಾಗ ನನಗೆ ನಿಜವಾಗ್ಲೂ ಮೈ ಜುಮ್ ಅಂತು, ಯಾಕಂದ್ರೆ ಪ್ರತಿ ಸಾಲಿನ ತಲೆ ಮೇಲೆ ಚಿಕ್ಕ ಚಿಕ್ಕ ಗೀಟು ಹಾಕಿದಾನೆ, ಎಲ್ಲಿ ಒತ್ತು ಬೀಳ್ಬೇಕು ಎಲ್ಲಿ ಉಸಿರು ತಗೋಬೇಕು ಅಂತ, ಪ್ರಾಸ ಕೂಡೋ ಮಾತುಗಳಿಗೆಲ್ಲ ಒಂದೇ ಬಣ್ಣದ ಪೆನ್ನಲ್ಲಿ ಸುತ್ತು ಹಾಕಿದಾನೆ, ಸಾಲಿನ ಕೊನೇಲಿ ಮಾತ್ರ ಅಲ್ಲ, ನಡುವೆ ನಡುವೆ ಮೂರ್ಮೂರು ಕಡೆ. ನಾವು ಹೈಸ್ಕೂಲಲ್ಲಿ ಪದ್ಯಕ್ಕೆ ಪ್ರಸ್ತಾರ ಹಾಕಿ ಲಘು ಗುರು ಗಣ ವಿಂಗಡಿಸ್ತಿದ್ವಲ್ಲ, ಥೇಟ್ ಹಾಗೇ. ನಮಗೆ ಅದು ಎರಡು ಮಾರ್ಕ್ಸಿನ ಪ್ರಶ್ನೆ. ಇವನಿಗೆ ಯಾರೂ ಹೇಳ್ಕೊಟ್ಟಿಲ್ಲ, ಹಾಡು ಕೇಳಿ ಕೇಳಿ ತಾನೇ ಕಂಡುಕೊಂಡಿರೋದು.

ಆದ್ರೆ ಆ ಸಾಲುಗಳನ್ನ ಓದಿದ್ರೆ ಗನ್ನು, ಅದೂ ಮಾಡೆಲ್ ಸಮೇತ, ಆಮೇಲೆ ಇನ್ನೊಬ್ಬನ ಬೀದಿಗೆ ನುಗ್ಗೋದು, ಆಮೇಲೆ ದುಡ್ಡಿನ ಕಂತೆ. ನೀನು ಯಾವತ್ತಾದ್ರೂ ಗನ್ ಮುಟ್ಟಿದ್ದೀಯಾ ಅಂತ ಕೇಳ್ದೆ. ನೋ ಮ್ಯಾಮ್. ಮತ್ತೆ ಇದೆಲ್ಲ ಯಾಕೆ? ತಲೆ ತಗ್ಗಿಸ್ಕೊಂಡೇ ಅಂದ, "ಅದಿಲ್ಲ ಅಂದ್ರೆ ಯಾರೂ ಪ್ಲೇ ಮಾಡಲ್ಲ ಮ್ಯಾಮ್."

ನನಗೆ ಅವತ್ತಿಂದ ಇದೇ ಮಾತು ತಲೇಲಿ ಕೊರೀತಾ ಇದೆ. ಹದಿನೈದು ವರ್ಷದ ಹುಡುಗನಿಗೆ ತನ್ನ ಬದುಕಲ್ಲಿ ಏನಿದೆಯೋ ಅದು ಮಾರಾಟ ಆಗಲ್ಲ, ತನ್ನ ಬದುಕಲ್ಲಿ ಇಲ್ಲದೇ ಇರೋದು ಮಾರಾಟ ಆಗುತ್ತೆ ಅಂತ ಇಷ್ಟು ಬೇಗ ಹೇಗೆ ಗೊತ್ತಾಯ್ತು?

ಈ ಸಂಗೀತ ಶುರುವಾಗಿದ್ದು ಹೀಗಲ್ಲ. 1973ರ ಆಗಸ್ಟ್ 11, ನ್ಯೂಯಾರ್ಕಿನ ಬ್ರಾಂಕ್ಸ್, 1520 ಸೆಡ್ಜ್‌ವಿಕ್ ಅವೆನ್ಯೂ ಅನ್ನೋ ಅಪಾರ್ಟ್‌ಮೆಂಟಿನ ಕೆಳಗಿನ ಹಾಲು. ಸಿಂಡಿ ಕ್ಯಾಂಪ್‌ಬೆಲ್ ಅನ್ನೋ ಹುಡುಗಿಗೆ ಸ್ಕೂಲ್ ಶುರುವಾಗೋ ಮುಂಚೆ ಹೊಸ ಬಟ್ಟೆ ತಗೊಳ್ಳೋಕೆ ದುಡ್ಡು ಬೇಕಿತ್ತು, ಪಾರ್ಟಿ ಇಟ್ಟು ಹುಡುಗೀರಿಗೆ 25 ಸೆಂಟು ಹುಡುಗರಿಗೆ 50 ಸೆಂಟು ಅಂತ ಟಿಕೆಟ್ ಇಟ್ಲು, ಅಣ್ಣ ಕ್ಲೈವ್ ರೆಕಾರ್ಡ್ ಹಾಕ್ದ. ಜಮೈಕಾದಿಂದ ಬಂದಿದ್ದ ಆ 18 ವರ್ಷದ ಹುಡುಗನೇ ಡಿಜೆ ಕೂಲ್ ಹರ್ಕ್. ಹಾಡುಗಾರ ನಿಂತು ಬರೀ ಡ್ರಮ್ಮು ಉಳಿಯೋ ಜಾಗದಲ್ಲೇ ಜನ ಹುಚ್ಚೆದ್ದು ಕುಣಿಯೋದು ಅಂತ ಗಮನಿಸಿ, ಒಂದೇ ರೆಕಾರ್ಡಿನ ಎರಡು ಕಾಪಿ ಎರಡು ಟರ್ನ್‌ಟೇಬಲ್ ಮೇಲಿಟ್ಟು ಆ ಜಾಗವನ್ನೇ ಮತ್ತೆ ಮತ್ತೆ ಎಳೀತಿದ್ದ. ಆಗಿನ ಬ್ರಾಂಕ್ಸ್ ಅಂದ್ರೆ ಊರಿನ ಹೊಟ್ಟೆ ಸೀಳ್ಕೊಂಡು ಹೈವೇ ಹೋಗಿತ್ತು, ಫ್ಯಾಕ್ಟರಿಗಳು ಹೋಗಿದ್ವು, ಇನ್ಶೂರೆನ್ಸ್ ದುಡ್ಡಿಗೋಸ್ಕರ ಓನರ್‌ಗಳೇ ಬಿಲ್ಡಿಂಗಿಗೆ ಬೆಂಕಿ ಇಡಿಸ್ತಿದ್ರು, 1975ರ ಹೊತ್ತಿಗೆ ನ್ಯೂಯಾರ್ಕ್ ಸಿಟಿಯೇ ದಿವಾಳಿ ಅಂಚಿಗೆ ಬಂದಿತ್ತು. ಆ ಬೂದಿ ನಡುವೆ ಮನೇಲಿದ್ದ ಹಳೇ ರೆಕಾರ್ಡ್ ಇಟ್ಕೊಂಡು ಮಕ್ಕಳು ಹೊಸ ಸಂಗೀತ ಮಾಡಿದ್ರು, ಹೊಸ ಕುಣಿತ ಮಾಡಿದ್ರು, ಗೋಡೆ ಮೇಲೆ ಹೊಸ ಅಕ್ಷರ ಬರೆದ್ರು. ಹಾಳಾಗಿದ್ದ ಊರಲ್ಲಿ ಹುಟ್ಟಿದ್ದು ಈ ಸಂಗೀತ. ಸಂಗೀತ ಬಂದು ಊರು ಹಾಳಾಗಿದ್ದಲ್ಲ.

ಎಂಬತ್ತರ ದಶಕದಲ್ಲಿ ಕ್ರ್ಯಾಕ್ (ಸೇದೋ ಥರದ ಅಗ್ಗದ ಕೊಕೇನ್) ಬಂತು, ಅದರ ಹಿಂದೇನೇ 1986ರ ಕಾನೂನು ಬಂತು, 5 ಗ್ರಾಂ ಕ್ರ್ಯಾಕ್ ಮಾರಿದವನಿಗೂ 500 ಗ್ರಾಂ ಪುಡಿ ಕೊಕೇನ್ ಮಾರಿದವನಿಗೂ ಕನಿಷ್ಠ ಐದು ವರ್ಷ ಜೈಲು. ಕ್ರ್ಯಾಕ್ ಕೇಸಲ್ಲಿ ಸಿಕ್ಕಿಬಿದ್ದವರು ಬಹುಪಾಲು ಕಪ್ಪು ಜನ, ಮನೆಮನೆಯಿಂದ ಅಪ್ಪಂದಿರು ಅಣ್ಣಂದಿರು ಜೈಲಿಗೆ ಹೋದ್ರು. ಲಾಸ್ ಏಂಜಲೀಸ್ ಪಕ್ಕದ ಕಾಂಪ್ಟನ್ ಊರಿನ ಹುಡುಗರ ಎನ್‌ಡಬ್ಲ್ಯುಎ ಅನ್ನೋ ರ‍್ಯಾಪ್ ಗುಂಪು 1988ರಲ್ಲಿ ಪೊಲೀಸರ ಮೇಲೆ ಸಿಟ್ಟಿಂದ ಹಾಡಿದಾಗ ಎಫ್‌ಬಿಐ ಅಧಿಕಾರಿಯೊಬ್ಬರು ಮುಂದಿನ ವರ್ಷ ರೆಕಾರ್ಡ್ ಕಂಪನಿಗೆ ಕಾಗದ ಬರೆದು ತಮ್ಮ ಅಸಮಾಧಾನ ತಿಳಿಸಿದ್ರು. ಅದಾದ ಎರಡೇ ವರ್ಷಕ್ಕೆ ಲಾಸ್ ಏಂಜಲೀಸ್‌ನಲ್ಲಿ ಪೊಲೀಸರು ರಾಡ್ನಿ ಕಿಂಗ್ ಅನ್ನೋ ಕಪ್ಪು ಯುವಕನನ್ನ ರಸ್ತೇಲಿ ಹಾಕಿ ಬಡಿದಿದ್ದನ್ನ ಜಗತ್ತೆಲ್ಲ ಟೀವೀಲಿ ನೋಡ್ತು. ಆ ಹುಡುಗರು ಹೇಳ್ತಿದ್ದದ್ದು ಸುಳ್ಳಾಗಿರ್ಲಿಲ್ಲ.

ಎಲ್ಲಿ ದಾರಿ ತಪ್ತು ಅಂದ್ರೆ, ನನ್ನ ಪ್ರಕಾರ, ಲೆಕ್ಕದ ಯಂತ್ರ ಬಂದಾಗ. ನಾನು ಅಕೌಂಟ್ಸ್‌ನೋಳು, ಅದಕ್ಕೇ ನನ್ನ ಕಣ್ಣಿಗೆ ಇದು ಬೇಗ ಬೀಳುತ್ತೋ ಏನೋ. 1991ರ ಮೇ ತನಕ ಬಿಲ್‌ಬೋರ್ಡ್ ಪತ್ರಿಕೆ ಯಾವ ಆಲ್ಬಮ್ ಹೆಚ್ಚು ಮಾರಾಟ ಆಯ್ತು ಅಂತ ಪಟ್ಟಿ ಮಾಡ್ತಿದ್ದದ್ದು ಅಂಗಡಿಯವ್ರನ್ನ ಕೇಳಿ, ಅವರು ಬಾಯಲ್ಲಿ ಹೇಳಿದ್ದೇ ಲೆಕ್ಕ. ಆಮೇಲೆ ಬಾರ್‌ಕೋಡ್ ಲೆಕ್ಕ ಶುರುವಾಯ್ತು, ಮಾಲ್‌ಗಳಲ್ಲಿ ನಿಜವಾಗಿ ಏನು ಬಿಕರಿಯಾಗ್ತಿದೆ ಅಂತ ಗೊತ್ತಾಯ್ತು. ಅದೇ ಜೂನಿನಲ್ಲಿ ಎನ್‌ಡಬ್ಲ್ಯುಎ ಗುಂಪಿನ ಹೊಸ ಆಲ್ಬಮ್ಮು, ರೇಡಿಯೋದಲ್ಲಿ ಹಾಕೋಕೇ ಆಗದಷ್ಟು ಕಟುವಾಗಿದ್ದದ್ದು, ಒಂದನೇ ಸ್ಥಾನಕ್ಕೆ ಬಂತು. ಸಬರ್ಬ್‌ಗಳ ಬಿಳಿ ಮಕ್ಕಳು ಇದನ್ನ ಕೊಳ್ತಿದಾರೆ ಅಂತ ಕಂಪನಿಗಳಿಗೆ ಅರಿವಾಯ್ತು. 1996ರಲ್ಲಿ ಇನ್ನೊಂದು ಕಾನೂನು ಬದಲಾಯ್ತು, ಒಂದು ಕಂಪನಿ ದೇಶದಲ್ಲಿ 40ಕ್ಕಿಂತ ಹೆಚ್ಚು ರೇಡಿಯೋ ಸ್ಟೇಷನ್ ಇಟ್ಕೊಳ್ಳಂಗಿಲ್ಲ ಅನ್ನೋ ಮಿತಿ ತೆಗೆದುಹಾಕಿದ್ರು, ಕೆಲವೇ ವರ್ಷದಲ್ಲಿ ಕ್ಲಿಯರ್ ಚಾನೆಲ್ ಒಂದರ ಕೈಯಲ್ಲೇ 1200ಕ್ಕೂ ಹೆಚ್ಚು ಸ್ಟೇಷನ್. ಮೊದಲು ಒಂದೊಂದು ಊರಿನ ಡಿಜೆ ತನ್ನೂರಿನ ಹುಡುಗರ ಹಾಡು ಹಾಕ್ತಿದ್ದ, ಈಗ ಎಲ್ಲೋ ಕೂತವರು ಮಾಡಿದ ಪಟ್ಟಿ ಎಲ್ಲಾ ಊರಿಗೂ. ರಾಜಕೀಯದ ರ‍್ಯಾಪು, ತಮಾಷೆ ರ‍್ಯಾಪು, ಪ್ರೀತಿ ರ‍್ಯಾಪು, ಮೇಷ್ಟ್ರ ಹಾಗೆ ಬುದ್ಧಿ ಹೇಳೋ ರ‍್ಯಾಪು ಯಾವುದೂ ಸಾಯ್ಲಿಲ್ಲ, ಆದ್ರೆ ಬಾಗಿಲು ಕಿರಿದಾಯ್ತು, ಆ ಬಾಗಿಲಲ್ಲಿ ತೂರ್ಕೊಂಡು ಹೋಗೋಕೆ ಒಂದೇ ಥರದ ಹುಡುಗ ಆಗಬೇಕಾಯ್ತು. ನನ್ನ ಲೈಬ್ರರಿ ಹುಡುಗನಿಗೆ ಗೊತ್ತಾಗಿರೋದು ಇದೇನೇ.

ಪ್ರಭಾವ ಇಲ್ಲ ಅಂತ ನಾನು ಹೇಳ್ತಿಲ್ಲ. ಹಾಗೆ ಹೇಳೋರ ಮೇಲೂ ನನಗೆ ಬೇಜಾರಿದೆ, ಯಾಕಂದ್ರೆ ಇದನ್ನ ಗಟ್ಟಿಯಾಗಿ ಎತ್ತಿ ಆಡಿದವರಲ್ಲಿ ಕಪ್ಪು ಜನರೂ ಇದ್ರು, ಅದ್ರಲ್ಲೂ ಹೆಂಗಸರು. ಸಿ. ಡೆಲೋರೆಸ್ ಟಕ್ಕರ್, ಮಾರ್ಟಿನ್ ಲೂಥರ್ ಕಿಂಗ್ ಜೊತೆ ನಡೆದಿದ್ದ ಹಿರಿಯರು, ತೊಂಬತ್ತರ ದಶಕದಲ್ಲಿ ರೆಕಾರ್ಡ್ ಕಂಪನಿಗಳ ಬಾಗಿಲಿಗೇ ಹೋಗಿ ಜಗಳ ಮಾಡಿದ್ರು. ನಮ್ಮ ಅಟ್ಲಾಂಟಾದ ಸ್ಪೆಲ್ಮನ್ ಕಾಲೇಜು, ಕಪ್ಪು ಹೆಣ್ಣುಮಕ್ಕಳ ಕಾಲೇಜು, ಅಲ್ಲಿ 2004ರಲ್ಲಿ ರ‍್ಯಾಪರ್ ನೆಲಿಯ ಸಂಸ್ಥೆ ಮೂಳೆಮಜ್ಜೆ ದಾನದ ಶಿಬಿರ ಮಾಡೋದಿತ್ತು, ಅವನ ಸೋದರಿಗೆ ಲ್ಯುಕೀಮಿಯಾ (ರಕ್ತದ ಕ್ಯಾನ್ಸರ್), ಕಪ್ಪು ದಾನಿಗಳು ಸಿಗೋದೇ ಕಷ್ಟ. ಅದೇ ಹೊತ್ತಿಗೆ ಅವನ ಒಂದು ವಿಡಿಯೋದಲ್ಲಿ ಹುಡುಗಿಯೊಬ್ಬಳ ಹಿಂಭಾಗಕ್ಕೆ ಕ್ರೆಡಿಟ್ ಕಾರ್ಡ್ ಉಜ್ಜೋ ದೃಶ್ಯ ಬಂದಿತ್ತು. ಹುಡುಗೀರು ಕೇಳಿದ್ದು ಇಷ್ಟೇ, ಶಿಬಿರಕ್ಕೆ ಬರ್ಲಿ, ಜೊತೆಗೆ ಬಂದು ಆ ವಿಡಿಯೋ ಬಗ್ಗೆ ನಮ್ಮೆದುರು ಕೂತು ಮಾತಾಡ್ಲಿ. ಸಂಸ್ಥೆಯವರು ಶಿಬಿರಾನೇ ರದ್ದು ಮಾಡಿದ್ರು. ನಾನು ಆ ಕಾಲೇಜಿನ ಗೇಟ್ ಮುಂದೆ ಹಾದುಹೋಗುವಾಗೆಲ್ಲ ನೆನಪಾಗುತ್ತೆ. ಒಂದು ಕಡೆ ಅಕ್ಕತಂಗೀರ ಜೀವ, ಇನ್ನೊಂದು ಕಡೆ ಅಕ್ಕತಂಗೀರ ಮಾನ, ಎರಡನ್ನೂ ತಕ್ಕಡೀಲಿ ಇಟ್ಟು ತೂಗೋ ಪರಿಸ್ಥಿತಿ ಹತ್ತೊಂಬತ್ತು ಇಪ್ಪತ್ತು ವರ್ಷದ ಹುಡುಗೀರಿಗೆ ಬಂತು, ಅವರು ಅದನ್ನ ಎಷ್ಟು ಘನತೆಯಿಂದ ಎದುರಿಸಿದ್ರು.

ಅದರ ಹಿಂದಿನ ವರ್ಷ, 2003ರಲ್ಲಿ, ಅಲಬಾಮಾದಲ್ಲಿ 14ರಿಂದ 18 ವರ್ಷದ 522 ಕಪ್ಪು ಹುಡುಗೀರನ್ನ ಒಂದು ವರ್ಷ ಹಿಂಬಾಲಿಸಿ ಮಾಡಿದ ಅಧ್ಯಯನ ಬಂದಿತ್ತು. ರ‍್ಯಾಪ್ ವಿಡಿಯೋ ಜಾಸ್ತಿ ನೋಡೋ ಹುಡುಗೀರಲ್ಲಿ ಟೀಚರಿಗೆ ಹೊಡೆಯೋದು ಮೂರು ಪಟ್ಟು, ಅರೆಸ್ಟ್ ಆಗೋದು ಎರಡೂವರೆ ಪಟ್ಟು ಜಾಸ್ತಿ ಇತ್ತು. ಇದನ್ನ ಮುಚ್ಚಿಡಬಾರದು. ಆದ್ರೆ ಮನೇಲಿ ಹಿರಿಯರು ಎರಡೆರಡು ಶಿಫ್ಟ್ ಕೆಲಸಕ್ಕೆ ಹೋದ ಮೇಲೆ ಟೀವಿ ಒಂದೇ ಜೊತೆಗಿರೋ ಹುಡುಗಿಗೆ ಕಷ್ಟ ತಂದದ್ದು ಟೀವಿಯೋ ಒಂಟಿತನವೋ ಅಂತ ಅಂಥ ಲೆಕ್ಕ ಬಿಡಿಸಿ ಹೇಳಲ್ಲ. ಮ್ಯೂಸಿಕ್ಕೇ ಕಾರಣ ಅನ್ನೋದಾದ್ರೆ ರ‍್ಯಾಪ್ ಮಾರಾಟ ಆಕಾಶ ಮುಟ್ಟಿದ ತೊಂಬತ್ತರ ದಶಕದ ಕೊನೇಲಿ ಹದಿಹರೆಯದವರ ಅಪರಾಧ ಏರಬೇಕಿತ್ತಲ್ಲ, 1994ರ ಆಸುಪಾಸಲ್ಲಿ ತುದಿ ಮುಟ್ಟಿ ಆಮೇಲೆ ಇಳೀತಾನೇ ಬಂತು. ಇನ್ನೊಂದು ವಿಷಯ, 2017ರಲ್ಲಿ ಲಾಜಿಕ್ ಅನ್ನೋ ರ‍್ಯಾಪರ್, ಅಪ್ಪ ಕಪ್ಪು ಅಮ್ಮ ಬಿಳಿ, ಆತ್ಮಹತ್ಯೆ ತಡೆಯೋ ಸಹಾಯವಾಣಿಯ ಫೋನ್ ನಂಬರನ್ನೇ ಹಾಡಿನ ಹೆಸರು ಮಾಡಿದ. ಆ ಹಾಡು ಹೆಚ್ಚು ಸುದ್ದಿಯಲ್ಲಿದ್ದ ದಿನಗಳಲ್ಲಿ ಸಹಾಯವಾಣಿಗೆ ಸುಮಾರು 9,900 ಕರೆ ಹೆಚ್ಚಿಗೆ ಬಂದ್ವು, ನಿರೀಕ್ಷೆಗಿಂತ 245 ಆತ್ಮಹತ್ಯೆ ಕಮ್ಮಿಯಾಯ್ತು ಅಂತ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ 2021ರಲ್ಲಿ ಬಂತು. ಪ್ರಭಾವ ಇದೆ ಅಂದ್ಮೇಲೆ ಇದೂ ಪ್ರಭಾವಾನೇ ತಾನೇ. ಊಟದ ಪಂಕ್ತೀಲಿ ಇದನ್ನ ಯಾರೂ ಹೇಳಲ್ಲ.

ಅಟ್ಲಾಂಟಾದಲ್ಲೇ ಇದ್ದು ಇದನ್ನ ನೋಡೋದೇ ಬೇರೆ. 1995ರ ಆಗಸ್ಟ್‌ನಲ್ಲಿ ನ್ಯೂಯಾರ್ಕಿನ ಸೋರ್ಸ್ ಅವಾರ್ಡ್ಸ್ ಅನ್ನೋ ರ‍್ಯಾಪ್ ಪ್ರಶಸ್ತಿ ಕಾರ್ಯಕ್ರಮದಲ್ಲಿ ಇಲ್ಲಿನ ಔಟ್‌ಕಾಸ್ಟ್ ಅನ್ನೋ ರ‍್ಯಾಪರ್ ಜೋಡಿಗೆ ಪ್ರಶಸ್ತಿ ಬಂದಾಗ ಸಭೆ ಕೂಗಿ ಗೇಲಿ ಮಾಡ್ತು, ಆಗ ಆ ಜೋಡಿಯಲ್ಲೊಬ್ಬ, ಆಂಡ್ರೆ, ಮೈಕ್ ಹಿಡಿದು ದಕ್ಷಿಣದವರಿಗೂ ಹೇಳೋದಿದೆ ಅಂದಿದ್ದು ಇಲ್ಲಿನ ಹುಡುಗರಿಗೆ ಇವತ್ತಿಗೂ ಮಂತ್ರ. ಅವರು ಕಲಿತದ್ದು ಒಬ್ಬ ಗೆಳೆಯನ ಅಮ್ಮನ ಮನೆಯ ನೆಲಮಾಳಿಗೇಲಿ, ನೆಲಕ್ಕೆ ಸಿಮೆಂಟ್ ಕೂಡ ಇಲ್ಲ, ಕೆಂಪು ಮಣ್ಣು. ಅಲ್ಲಿಂದ ಶುರುವಾಗಿದ್ದು ಈಗ ಈ ಊರಿನ ಉದ್ಯಮ. ಸ್ಟುಡಿಯೋ ಎಂಜಿನಿಯರ್, ಲಾಯರ್, ವಿಡಿಯೋ ಎಡಿಟರ್, ಬಟ್ಟೆ ಅಂಗಡಿ ಇಟ್ಟವರು, ಕಪ್ಪು ಮಕ್ಕಳು ತಮ್ಮಂಥವರನ್ನೇ ಓನರ್ ಕುರ್ಚೀಲಿ ನೋಡ್ತಾರೆ. ಲೈಬ್ರರಿಗೆ ಬರೋ ಇನ್ನೊಬ್ಬ ಹುಡುಗಿಗೆ ಸೌಂಡ್ ಎಂಜಿನಿಯರಿಂಗ್ ಓದೋ ಆಸೆ, ಅದಕ್ಕೇ ಲಾಗರಿದಂ ಕಲೀಬೇಕು ಅಂತ ಹಟ ಹಿಡಿದು ಕೂರ್ತಾಳೆ, ಡೆಸಿಬೆಲ್ಲಿಗೆ ಬೇಕಂತೆ.

ಇದೇ ಊರು ಅವರನ್ನ ಹೂಳೋದನ್ನೂ ನೋಡಿದೆ. ಮಿಗೋಸ್ ಅನ್ನೋ ರ‍್ಯಾಪ್ ಗುಂಪಿನ ಮೂವರು ಹುಡುಗರು ಬೆಳೆದದ್ದು ಲಾರೆನ್ಸ್‌ವಿಲ್‌ನಲ್ಲಿ, ಅಂದ್ರೆ ಗ್ವಿನೆಟ್ ಕೌಂಟಿ, ಅಂದ್ರೆ ಆ ಹುಟ್ಟುಹಬ್ಬದ ಮನೆ ಇರೋ ಕೌಂಟಿನೇ. ಅವರು ಹೆಸರುವಾಸಿ ಮಾಡಿದ ಓಟ ಇದೆಯಲ್ಲ, ಒಂದು ಬೀಟಿಗೆ ಮೂರು ಅಕ್ಷರ ತುಂಬೋದು, ಸಂಗೀತ ಕಲಿತವರಿಗೆ ಅದು ತಿಶ್ರ ನಡೆ, ತಕಿಟ ತಕಿಟ. ಆ ಮೂವರಲ್ಲಿ ಚಿಕ್ಕವನು ಟೇಕಾಫ್, 2022ರ ನವೆಂಬರ್ 1ಕ್ಕೆ ಹ್ಯೂಸ್ಟನ್‌ನಲ್ಲಿ ಯಾರದೋ ಜಗಳದಲ್ಲಿ ಗುಂಡು ಬಿದ್ದು ಹೋದ, 28 ವರ್ಷ. ಹೀಗೇ ಗುಂಡಿಗೆ ಬಲಿಯಾದ ಬೇರೆ ರ‍್ಯಾಪರ್‌ಗಳಲ್ಲಿ ಟ್ಯುಪಾಕ್ ಹೋದಾಗ 25, ಬಿಗ್ಗಿ ಹೋದಾಗ 24, ಪಾಪ್ ಸ್ಮೋಕ್ ಹೋದಾಗ 20. ಕೆಮ್ಮಿನ ಸಿರಪ್ಪನ್ನ ಸೋಡಾಗೆ ಬೆರೆಸಿ ಕುಡಿಯೋದನ್ನ, ನೋವಿನ ಮಾತ್ರೆ ನುಂಗೋದನ್ನ ಹಾಡಲ್ಲಿ ಹಾಡಿ ಹಾಡಿ ಮಾಮೂಲಿ ಮಾಡ್ಬಿಟ್ರಲ್ಲ, 2019ರಲ್ಲಿ ಜೂಸ್ ವರ್ಲ್ಡ್ ಅನ್ನೋ ರ‍್ಯಾಪರ್ 21 ತುಂಬಿದ ವಾರದೊಳಗೇ ಅದೇ ಥರ ಹೋದ. ಅವನ ಹಾಡುಗಳಲ್ಲಿ ಅವನೇ ಅಳ್ತಿದ್ದ, ಕೇಳಿಸ್ಕೊಂಡವರು ಕೋಟಿಗಟ್ಟಲೆ ಜನ.

ಈಗ ನನಗೆ ಅವತ್ತು ಹೇಳಬೇಕು ಅನ್ನಿಸಿದ ಮಾತು. ಬೇಸ್‌ಮೆಂಟಲ್ಲಿ ಕುಣೀತಿದ್ದ ನಮ್ಮ ಮಕ್ಕಳೂ ಅದೇ ಹಾಡು ಕೇಳಿದಾರೆ, ಅವರು ಹಾಳಾದ್ರು ಅಂತ ಯಾರೂ ಅನ್ನಲಿಲ್ಲ, ಚೆನ್ನಾಗಿ ಕುಣೀತಾರೆ ಅಂದ್ವಿ. ನಮ್ಮ ಮಕ್ಕಳಿಗೆ ಆ ಹಾಡು ವೇಷ ಇದ್ದ ಹಾಗೆ, ಮೇಲೆ ಊಟಕ್ಕೆ ಬಾ ಅಂದ ತಕ್ಷಣ ಕಳಚಿಟ್ಟು ಬರ್ತಾರೆ. ನನ್ನ ಲೈಬ್ರರಿ ಹುಡುಗ ಹಾಡು ಕೇಳ್ಲಿ ಬಿಡ್ಲಿ, ಅಂಗಡಿಗೆ ಹೋದ್ರೆ ಸೆಕ್ಯುರಿಟಿಯವನು ಹಿಂದೆ ಹಿಂದೆ ಬರ್ತಾನೆ, ಯಾಕಂದ್ರೆ ಆ ಸೆಕ್ಯುರಿಟಿಯವನೂ ನಾವೂ ಎಲ್ಲರೂ ಆ ವಿಡಿಯೋಗಳನ್ನ ನೋಡಿದ್ದೀವಿ, ಕಪ್ಪು ಹುಡುಗ ಅಂದ್ರೆ ಹಿಂಗೇ ಅಂತ ಕಲ್ತಿದ್ದೀವಿ. ಈ ಸಂಗೀತದ ಪ್ರಭಾವ ಬ್ಲ್ಯಾಕ್ ಹುಡುಗರ ಮೇಲೆ ಏನು ಅಂತ ಕೇಳುವಾಗ ಅವರ ಕಿವಿಗೆ ಬಿದ್ದಿದ್ದನ್ನ ಮಾತ್ರ ಲೆಕ್ಕ ಹಾಕ್ತಾರೆ, ನಮ್ಮ ಕಣ್ಣಿಗೆ ಅದು ಹಾಕಿದ ಕನ್ನಡಕದ ಲೆಕ್ಕ ಯಾರೂ ಹಾಕಲ್ಲ, ಆದ್ರೆ ಆ ಕನ್ನಡಕದ ಬೆಲೆ ಕೊಡೋದು ಅವರೇ.

ಕೋರ್ಟಿನ ತನಕ ಬಂತು ಇದು. ನಮ್ಮೂರ ರ‍್ಯಾಪರ್ ಯಂಗ್ ಥಗ್ ಮತ್ತೆ ಅವನ ಜೊತೆಯವರು, ಒಟ್ಟು 28 ಜನರ ಮೇಲೆ 2022ರ ಮೇನಲ್ಲಿ ಫುಲ್ಟನ್ ಕೌಂಟೀಲಿ ಗ್ಯಾಂಗ್ ಕೇಸ್ ಹಾಕಿದ್ರು. ಹಾಡಿನ ಸಾಲುಗಳನ್ನ ಷರತ್ತಿನ ಮೇಲೆ ಸಾಕ್ಷಿಯಾಗಿ ತರಬಹುದು ಅಂತ 2023ರ ನವೆಂಬರ್‌ನಲ್ಲಿ ಜಡ್ಜ್ ಹೇಳಿದ್ರು. ಜಾರ್ಜಿಯಾದ ಇತಿಹಾಸದಲ್ಲೇ ಅತಿ ಉದ್ದದ ವಿಚಾರಣೆ ಅದು. ಯಂಗ್ ಥಗ್ ಕೊನೆಗೆ 2024ರ ಅಕ್ಟೋಬರ್ 31ಕ್ಕೆ ಕೆಲವು ಆರೋಪಗಳನ್ನ ಒಪ್ಕೊಂಡು 15 ವರ್ಷದ ಪ್ರೊಬೇಷನ್ (ಜೈಲಿನ ಹೊರಗೆ ನಿಗಾದಲ್ಲಿರೋದು) ಮೇಲೆ ಹೊರಗೆ ಬಂದ. ಅಪರಾಧ ಮಾಡಿದ್ರೆ ಶಿಕ್ಷೆ ಆಗ್ಲಿ, ಅದರಲ್ಲಿ ಎರಡು ಮಾತಿಲ್ಲ. ಆದ್ರೆ ಕೊಲೆಯ ಬಗ್ಗೆ ಹಾಡೋ ಕಂಟ್ರಿ ಮ್ಯೂಸಿಕ್ (ಹೆಚ್ಚಾಗಿ ಬಿಳಿಯರ ಹಳ್ಳಿ ಸಂಗೀತ) ಹಾಡುಗಾರರು ಈ ದೇಶದಲ್ಲಿ ನೂರು ವರ್ಷದಿಂದ ಇದಾರೆ, ಅವರ ಹಾಡನ್ನ ಕಥೆ ಅಂತ ಕೇಳ್ತೀವಿ, ಕಪ್ಪು ಹುಡುಗ ಬರೆದ್ರೆ ಅದು ತಪ್ಪೊಪ್ಪಿಗೆ ಆಗುತ್ತೆ. ಕ್ಯಾಲಿಫೋರ್ನಿಯಾದಲ್ಲಿ 2022ರಲ್ಲೇ ಇದಕ್ಕೆ ಕಡಿವಾಣ ಹಾಕೋ ಕಾನೂನು ಬಂತು. ಆ ಜಡ್ಜ್ ಆದೇಶ ಬಂದ ವಾರ ನಾನು ಹುಡುಗನ ನೋಟ್‌ಬುಕ್ಕಿನ ಹಿಂದಿನ ಪುಟಗಳನ್ನ ನೆನೆಸ್ಕೊಂಡು ಭಯಪಟ್ಟೆ, ಗನ್ನೇ ಮುಟ್ಟದ ಮಗುವಿನ ಕೈಬರಹದಲ್ಲಿ ಗನ್ನಿನ ಮಾಡೆಲ್ ನಂಬರ್.

ಬೆಂಗಳೂರಲ್ಲಿ ಕೂತು ಇದನ್ನ ಓದ್ತಿರೋರಿಗೆ ಇದು ದೂರದ ವಿಷಯ ಅನ್ನಿಸಬಹುದು, ಆದ್ರೆ ಹ್ಯೂಸ್ಟನ್‌ನಲ್ಲಿ ಬೆಳೆದು ಬೆಂಗಳೂರಲ್ಲಿ ನೆಲೆಸಿದ ರ‍್ಯಾಪರ್ ಹನುಮಾನ್‌ಕೈಂಡ್ 2024ರಲ್ಲಿ ಲೋಕಕ್ಕೆಲ್ಲ ಕೇಳಿಸಿದ ಓಘ ಹ್ಯೂಸ್ಟನ್ನಿನ ಕಪ್ಪು ಹುಡುಗರದ್ದು, ನಮ್ಮ ಕನ್ನಡ ರ‍್ಯಾಪರ್‌ಗಳ ಬೀಟಿನ ಬೇರೂ ಅಲ್ಲೇ. ಸಂಗೀತ ಬೇಕು ಅಂದ್ಮೇಲೆ ಅದನ್ನ ಮಾಡಿದವರ ಮಕ್ಕಳ ಬಗ್ಗೆ ನಾಲಿಗೆ ಹಗುರ ಬಿಡಬಾರದು, ಇಷ್ಟು ನಾನು ಕೈಮುಗಿದು ಕೇಳ್ತೀನಿ.

ರ‍್ಯಾಪರ್ ಕೆಂಡ್ರಿಕ್ ಲಮಾರ್‌ಗೆ 2018ರಲ್ಲಿ ಸಂಗೀತದ ಪುಲಿಟ್ಜರ್ ಪ್ರಶಸ್ತಿ ಬಂತಲ್ಲ, ಶಾಸ್ತ್ರೀಯ ಸಂಗೀತ, ಜಾಝ್ ಬಿಟ್ಟು ಬೇರೆಯವರಿಗೆ ಆ ಪ್ರಶಸ್ತಿ ಬಂದಿದ್ದು ಅದೇ ಮೊದಲು. ಕಾಂಪ್ಟನ್ನಿನ ಹುಡುಗ, ಗ್ಯಾಂಗುಗಳ ನಡುವೆ ಬೆಳೆದವನು, ತನ್ನ ಭಯವನ್ನ ಭಯ ಅಂತಲೇ ಬರೆದ. ಇದನ್ನ ಲೈಬ್ರರಿ ಹುಡುಗನಿಗೆ ಹೇಳಿದ್ದೆ. ಅವನು ಆಗ ಏನೂ ಅಂದಿರ್ಲಿಲ್ಲ.

ಹೋದ ಶನಿವಾರ ಲೆಕ್ಕ ಮುಗಿದ ಮೇಲೆ ನೋಟ್‌ಬುಕ್ ತಿರುಗಿಸಿ ನನ್ನ ಕಡೆ ತಳ್ಳಿದ. ಒಂದು ಪುಟ, ಗನ್ನಿಲ್ಲ. ಅಜ್ಜಿ ಏರ್‌ಪೋರ್ಟಲ್ಲಿ ಕ್ಲೀನಿಂಗ್ ಕೆಲಸಕ್ಕೆ ಹೋಗೋದು, ಬೆಳಗಿನ ಜಾವ ಬಸ್ಸಿಗೆ ಏಳೋದು, ಏಳ್ಸಬಾರದು ಅಂತ ಚಪ್ಪಲಿ ಕೈಯಲ್ಲಿ ಹಿಡ್ಕೊಂಡು ಇವನ ಮಂಚದ ಪಕ್ಕ ಹಾದು ಹೋಗೋದು, ಇವನು ಎದ್ದಿದ್ರೂ ನಿದ್ದೆ ಬಂದವನ ಥರ ಬಿದ್ದಿರೋದು. ನಾನು ಟೇಬಲ್ ಮೇಲೆ ಬೆರಳಲ್ಲಿ ತಕಿಟ ತಕಿಟ ತಟ್ಟಿ ತೋರಿಸ್ದೆ, ಇದನ್ನ ನಮ್ಮ ಕಡೆ ಹೀಗಂತಾರೆ ಅಂತ, ಅವನಿಗೆ ಬಹಳ ಖುಷಿಯಾಗಿ ಎರಡು ಸಲ ಹೇಳ್ಕೊಂಡ, ತಕಿಟ, ತಕಿಟ. ಇದನ್ನ ಹಾಕ್ತೀಯಾ ಅಂತ ಕೇಳ್ದೆ. ಗೊತ್ತಿಲ್ಲ ಮ್ಯಾಮ್ ಅಂದ. ಆಮೇಲೆ ಚಪ್ಪಲಿ ಸಾಲಲ್ಲಿ ಒಂದು ಅಕ್ಷರ ಹೆಚ್ಚಾಗಿದೆ ಅಂತ ಅವನಿಗೇ ಗೊತ್ತಾಯ್ತು, ಹೊಡೆದುಹಾಕಿ ಬೇರೆ ಮಾತು ಬರೆದ, ಗೆಣ್ಣಿನಿಂದ ಟೇಬಲ್ ತಟ್ಟಿ ಎಣಿಸಿದ, ಸರಿ ಬರ್ಲಿಲ್ಲ, ಮತ್ತೆ ಹೊಡೆದುಹಾಕ್ದ. ಪಕ್ಕದ ಟೇಬಲ್ಲಿನ ಮಕ್ಕಳೆಲ್ಲ ಬ್ಯಾಗ್ ಎತ್ಕೊಂಡು ಹೊರಟ್ರು, ಇವನು ಇನ್ನೂ ಆ ಸಾಲಲ್ಲೇ ಇದ್ದ.